ಸದ್ದಿಲ್ಲದೆ ಯಕೃತ್ತನ್ನು ಸವೆಸುವ ಹೆಪಟೈಟಿಸ್ ಸಿ

ರಕ್ತದ ಮೂಲಕ ಹರಡುವ ಹೆಪಟೈಟಿಸ್ ಸಿ ಸೋಂಕು ಹತ್ತಾರು ವರ್ಷ ಯಾವ ಲಕ್ಷಣವನ್ನೂ ತೋರದೆ ಯಕೃತ್ತನ್ನು ಸವೆಸಬಲ್ಲದು. ಕಾಮಾಲೆ, ಜಲೋದರ ಕಾಣಿಸುವ ವೇಳೆಗೆ ಬಹಳಷ್ಟು ಹಾನಿಯಾಗಿರುತ್ತದೆ. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ರಕ್ತ ಪಡೆದವರು, ಸರಿಯಾಗಿ ಕುದಿಸದ ಸೂಜಿಯಿಂದ ಚುಚ್ಚುಮದ್ದು ಪಡೆದಿರಬಹುದಾದ ಹಿರಿಯರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಸೋಂಕು ದೃಢಪಟ್ಟರೂ ಎದೆಗುಂದಬೇಕಿಲ್ಲ. ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 95ರಷ್ಟು ಮಂದಿ ಗುಣಮುಖರಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿರಿ. ನೆಲನೆಲ್ಲಿ, ಕಟುಕರೋಹಿಣಿಗಳನ್ನೇ ನೆಚ್ಚಿ ಕಾಲ ಕಳೆಯಬಾರದೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ. ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಪ್ರಸಾದ ಸ್ವೀಕರಿಸುವುದರಿಂದ ಈ ರೋಗ ಹರಡದು. ಆದ್ದರಿಂದ ಸಂಕೋಚ ತೊರೆದು, ಮನೆಯ ಹಿರಿಯರನ್ನು ಈ ತಿಂಗಳೇ ಪರೀಕ್ಷೆಗೆ ಕರೆದೊಯ್ಯಿರಿ.