ಅನ್ವಯಕ್ರಮವೂ ವಿದ್ಯಾರ್ಥಿಯ ಸ್ವಾವಲಂಬನವೂ

ಸಂಸ್ಕೃತ ಪಾಠಶಾಲೆಗಳಲ್ಲಿ ಕಾವ್ಯಪಾಠವು ಪದಚ್ಛೇದ, ವಿಗ್ರಹ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯಗಳ ಮೂಲಕ ನಡೆಯುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ವಿದ್ಯಾರ್ಥಿಗೆ ಅತ್ಯಂತ ಕಠಿನವಾದುದು ಅನ್ವಯ. ಉಪಾಧ್ಯಾಯನು ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕವೂ ಇಲ್ಲಿಯೇ ಪರೀಕ್ಷೆಗೆ ಬರುತ್ತದೆ.

ಅನ್ವಯಕ್ಕೆ ಎರಡು ಮಾರ್ಗಗಳುಂಟು. ದಂಡಾನ್ವಯದಲ್ಲಿ ಶ್ಲೋಕದ ಪದಗಳನ್ನು ಗದ್ಯದ ಅನುಕ್ರಮದಲ್ಲಿ ಜೋಡಿಸಿ ಕೊಡುತ್ತಾರೆ. ಖಂಡಾನ್ವಯದಲ್ಲಾದರೋ ಮೊದಲು ಕ್ರಿಯಾಪದವನ್ನು ಹಿಡಿದು, ಅದರ ಆಕಾಂಕ್ಷೆಗೆ ತಕ್ಕ ಪ್ರಶ್ನೆಗಳನ್ನು ಹಾಕುತ್ತ, ಒಂದೊಂದು ಪದವನ್ನೂ ವಿದ್ಯಾರ್ಥಿಯಿಂದಲೇ ತರಿಸುತ್ತಾರೆ. ರಘುವಂಶದ ಮೊದಲನೆಯ ಶ್ಲೋಕದಲ್ಲಿ ಕ್ರಿಯೆಯು ‘ವಂದೇ’ ಎಂಬುದು. ಯಾರನ್ನು? ಪಾರ್ವತೀಪರಮೇಶ್ವರರನ್ನು. ಎಂತಹವರನ್ನು? ಶಬ್ದಾರ್ಥಗಳಂತೆ ಕೂಡಿಕೊಂಡಿರುವವರನ್ನು. ಏತಕ್ಕಾಗಿ? ಆ ಶಬ್ದಾರ್ಥಗಳ ಜ್ಞಾನಕ್ಕಾಗಿ. ವಂದಿಸುವವನು ಯಾರೆಂದು ಕೇಳಿದರೆ ಮಾತ್ರ ಶ್ಲೋಕದಲ್ಲಿ ಉತ್ತರವಿಲ್ಲ. ಆಗ ಗುರುವು ‘ಅಹಂ’ ಎಂದು ತಾನೇ ನುಡಿದುಬಿಟ್ಟರೆ ಪಾಠವು ಕೆಟ್ಟಂತೆಯೇ ಸರಿ. ಪ್ರತ್ಯಯವನ್ನು ನೋಡೆಂದು ಸೂಚಿಸಿದರೆ ಸಾಕು. ಉತ್ತಮಪುರುಷ ಏಕವಚನದ ಬಲದಿಂದ ವಿದ್ಯಾರ್ಥಿಯೇ ಅಧ್ಯಾಹಾರಮಾಡಿಕೊಳ್ಳುವನು. ಅಭ್ಯಾಸವು ಬಲಿತಂತೆ ಆ ಸೂಚನೆಯೂ ಬೇಡವಾಗುತ್ತದೆ. ಗುರುವಿನ ಪ್ರಶ್ನೆಯನ್ನು ಶಿಷ್ಯನು ತನಗೆ ತಾನೇ ಹಾಕಿಕೊಳ್ಳುತ್ತಾನೆ.

1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಗೋಪುರಾಕೃತಿಯನ್ನು ಕಟ್ಟಲು ಕಲಿಸುವ ಬಗೆಯನ್ನು ಪರಿಶೀಲಿಸಿ, ಕಲಿಸುವವರ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಮಗುವು ತಾನೇ ಮಾಡಬಲ್ಲಷ್ಟನ್ನು ಮಾಡಗೊಡುವುದು ಅವರ ನಿಯಮ. ಸರಿಯಾದ ಪರಿಹಾರವನ್ನು ಗುರುತಿಸಬಲ್ಲ ಶಕ್ತಿಯು ಅದನ್ನು ಸಾಧಿಸುವ ಶಕ್ತಿಗಿಂತ ಮೊದಲು ಬರಬೇಕೆಂಬುದು ಅವರ ಇನ್ನೊಂದು ಮಾತು. ಈ ದೃಷ್ಟಿಯಿಂದ ದಂಡಾನ್ವಯವನ್ನು ಹಳಿಯಬೇಕಾದುದಿಲ್ಲ. ಸಿದ್ಧವಾದ ಅನ್ವಯವನ್ನು ಕೆಲವು ಸಲ ಕಂಡವನೇ ತಾನು ಹುಡುಕುತ್ತಿರುವುದು ಏನೆಂಬುದನ್ನು ಬಲ್ಲನು. ಆದರೆ ಪರೀಕ್ಷೆಗಾಗಿ ಅಚ್ಚಾಗುವ ಕೈಪಿಡಿಗಳು ಮೊದಲ ಪದ್ಯದಿಂದ ಕೊನೆಯ ಪದ್ಯದವರೆಗೂ ಒಂದೇ ಪ್ರಮಾಣದಲ್ಲಿ ಎಲ್ಲವನ್ನೂ ಬಿಡಿಸಿಡುತ್ತವೆ. ಗೋಡೆಯೆದ್ದ ಮೇಲೂ ಸಾರುವೆಯನ್ನು ಇಳಿಸದ ಮೇಸ್ತ್ರಿಯನ್ನು ಯಾರೂ ಮೆಚ್ಚರಷ್ಟೆ!

ಹಳಗನ್ನಡ ಕಾವ್ಯಗಳನ್ನು ಬೋಧಿಸುವವರು ಈ ಕ್ರಮವನ್ನು ಇದ್ದಂತೆಯೇ ಎತ್ತಿಕೊಳ್ಳಲಾಗದು. ಸಂಸ್ಕೃತದಲ್ಲಿ ವಿಶೇಷಣವು ಎಷ್ಟು ದೂರದಲ್ಲಿದ್ದರೂ ಲಿಂಗವಚನವಿಭಕ್ತಿಗಳ ಸಾಮ್ಯದಿಂದ ವಿಶೇಷ್ಯವನ್ನು ಸೇರಬಲ್ಲದು. ಕನ್ನಡದ ವಿಶೇಷಣಕ್ಕೆ ಸಾಮಾನ್ಯವಾಗಿ ಅಂತಹ ಗುರುತಿಲ್ಲ. ಅದು ತನ್ನ ನಾಮಪದದ ಹಿಂದೆಯೇ ನಿಲ್ಲುವುದು ವಾಡಿಕೆ. ಆದಕಾರಣ ಪಂಪನನ್ನು ಓದತೊಡಗಿದವನು ಮೊದಲು ಎಡವುವುದು ಅನ್ವಯದಲ್ಲಲ್ಲ, ಪದಚ್ಛೇದದಲ್ಲಿ. ‘ಪೂದೋಂಟ’ ಎಂಬುದನ್ನು ಕಂಡು ನಿಘಂಟಿನಲ್ಲಿ ‘ದೋಂಟ’ವನ್ನು ಅರಸುವ ವಿದ್ಯಾರ್ಥಿಗೆ ‘ತೋಂಟ’ವೆಂದು ಉತ್ತರ ಕೊಡುವುದು ಸುಲಭ, ಆದರೆ ‘ಮೞೆಗಾಲ’ವು ಬಂದಾಗ ಅವನು ಮತ್ತೆ ಅಲ್ಲಿಯೇ ನಿಲ್ಲುವನು. ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದುಂಟೆಂದು ಒಮ್ಮೆ ತೋರಿಸಿ, ಇಲ್ಲಿ ಮೂಲದ ಅಕ್ಷರವು ಯಾವುದಿದ್ದೀತೆಂದು ಕೇಳಿದರೆ ಎರಡನ್ನೂ ಅವನೇ ಬಿಡಿಸುವನು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಪ್ರಕರಣಕ್ಕಿಂತ ಮೊದಲೇ ಸಂಧಿಯನ್ನು ನಿರೂಪಿಸಿರುವುದು ಬೋಧಕರಿಗೂ ಅನುಕೂಲವಾದ ಕ್ರಮವೇ ಆಗಿದೆ.