ಮೇಷ್ಟ್ರ ಪದವಿ ಏರಿದರೆ ಮಕ್ಕಳ ಕಲಿಕೆ ಏರೀತೆ?

ಒಂದು ವರ್ಷದ ಬಿ.ಎಡ್. 2015ರಲ್ಲಿ ಎರಡು ವರ್ಷದ್ದಾಯಿತು. 2030ರ ವೇಳೆಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಕನಿಷ್ಠ ಅರ್ಹತೆಯಾಗಬೇಕು ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಓದು ಉದ್ದವಾದಷ್ಟೂ ಮೇಷ್ಟ್ರು ಪಳಗುತ್ತಾರೆ ಎಂದೇ ನಾವೆಲ್ಲ ನಂಬಿದ್ದೇವೆ. ಅಮೆರಿಕ ಇದೇ ನಂಬಿಕೆಗೆ ದಶಕಗಟ್ಟಲೆ ದುಡ್ಡು ಸುರಿದಿದೆ.

ಅಲ್ಲಿನ ಹೆಚ್ಚಿನ ಕಡೆ ಶಿಕ್ಷಕರು ಸ್ನಾತಕೋತ್ತರ ಪದವಿ ಪಡೆದರೆ ಸಂಬಳ ತಾನಾಗಿ ಏರುತ್ತದೆ. ಒಂದು ಅಂದಾಜಿನಂತೆ 2003-04ರಲ್ಲಿ ಈ ಬಾಬತ್ತಿಗೆ ಹೋದದ್ದು ಸುಮಾರು 860 ಕೋಟಿ ಡಾಲರ್. ಆ ಪದವಿಗಳಲ್ಲಿ ಶೇ 90ರಷ್ಟು ಶಿಕ್ಷಣಶಾಸ್ತ್ರದವು. ಫಲವೇನು? ಅರ್ಥಶಾಸ್ತ್ರಜ್ಞರಾದ ರಿವ್ಕಿನ್, ಹನುಶೆಕ್ ಮತ್ತು ಕೇನ್ ಟೆಕ್ಸಾಸ್‌ನ ಮಕ್ಕಳ ಅಂಕಗಳ ಜಾಡು ಹಿಡಿದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರ ನಡುವೆ ದೊಡ್ಡ ಅಂತರವೇ ಕಂಡಿತು. ಆದರೆ ಆ ಅಂತರಕ್ಕೂ ಸ್ನಾತಕೋತ್ತರ ಪದವಿಗೂ ಸಂಬಂಧ ಸಿಗಲಿಲ್ಲ. ಉತ್ತರ ಕೆರೊಲಿನಾದ ಪ್ರಾಥಮಿಕ ಶಾಲೆಗಳ ಲೆಕ್ಕ ಹಾಕಿದ ಕ್ಲಾಟ್‌ಫೆಲ್ಟರ್, ಲ್ಯಾಡ್ ಮತ್ತು ವಿಗ್ಡೋರ್ ಅವರಿಗೂ ಪದವಿಯಿಂದ ಲಾಭ ಕಾಣಲಿಲ್ಲ. ಅನುಭವದ ಮೊದಲ ಕೆಲವು ವರ್ಷಗಳ ಫಲವಾದರೋ ಸ್ಪಷ್ಟವಾಗಿತ್ತು. 2013ರಲ್ಲಿ ಆ ರಾಜ್ಯ ಹೊಸಬರಿಗೆ ಪದವಿಯ ಹೆಚ್ಚುವರಿ ಸಂಬಳ ನಿಲ್ಲಿಸುವ ಕಾನೂನನ್ನೇ ತಂದಿತು.

ಒಂದು ಅಪವಾದವನ್ನು ಮರೆಯಬಾರದು. ಗೋಲ್ಡ್‌ಹೇಬರ್ ಮತ್ತು ಬ್ರೂವರ್ ಪ್ರೌಢಶಾಲೆಗಳಲ್ಲಿ ಕಂಡಂತೆ, ಗಣಿತದಲ್ಲೇ ಸ್ನಾತಕೋತ್ತರ ಪದವಿ ಪಡೆದವರ ಮಕ್ಕಳು ಗಣಿತದಲ್ಲಿ ಮುಂದಿದ್ದರು. ಅಂದರೆ ಯಾವ ಓದು ಎಂಬುದೇ ಮುಖ್ಯ. ಅಂಕವೇ ಕಲಿಕೆಯಲ್ಲ ಎಂಬ ಆಕ್ಷೇಪವೂ ನ್ಯಾಯವೇ. ಆದರೆ ಪದವಿಯಿಂದ ಬೇರೆ ಯಾವ ಲಾಭವಾಯಿತು ಎಂದು ತೋರಿಸುವ ಹೊಣೆ ಪದವಿಯ ಪರ ವಾದಿಸುವವರದು.

ನಮ್ಮ ನೆರೆಯ ಅವಿಭಜಿತ ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 100 ಸರ್ಕಾರಿ ಶಾಲೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ಒಬ್ಬೊಬ್ಬ ಹೆಚ್ಚುವರಿ ಗುತ್ತಿಗೆ ಶಿಕ್ಷಕರನ್ನು ಕೊಟ್ಟು ನೋಡಿದರು. ಈ ಗುತ್ತಿಗೆ ಶಿಕ್ಷಕರ ತರಬೇತಿ ಕಡಿಮೆ, ಸಂಬಳ ಕಾಯಂ ಶಿಕ್ಷಕರ ಐದನೇ ಒಂದು ಪಾಲು. ಎರಡು ವರ್ಷದಲ್ಲಿ ಆ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಬಂದರು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿದದ್ದೂ ಇದಕ್ಕೆ ಕಾರಣ. ಹಾಗಾಗಿ ನಮ್ಮ ಅತಿಥಿ ಶಿಕ್ಷಕರಿಗೆ ಬಿಡಿಗಾಸು ಕೊಟ್ಟು ಸಾಗಹಾಕಲು ಈ ಅಧ್ಯಯನವನ್ನು ನೆಪ ಮಾಡಿಕೊಳ್ಳುವುದು ಅನ್ಯಾಯ. ಆ ಅಪಾಯ ನಿಜವಾಗಿಯೂ ಇದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯನ್ನು ಶಿಕ್ಷಣ ನೀತಿಯೇ ಉಲ್ಲೇಖಿಸುತ್ತದೆ: ಹತ್ತು ಸಾವಿರಕ್ಕೂ ಹೆಚ್ಚಿರುವ ಬಿಡಿ ಶಿಕ್ಷಕ ತರಬೇತಿ ಕಾಲೇಜುಗಳಲ್ಲಿ ಬಹುತೇಕವು ದುಡ್ಡಿಗೆ ಪದವಿ ಮಾರುತ್ತಿವೆ. ಹಾಜರಾಗದೆ ಬಿ.ಎಡ್. ಮುಗಿಸುವ ದಾರಿಗಳೇನೂ ಗುಟ್ಟಲ್ಲ. ಕಲಿಸುವುದನ್ನು ಸರಿಪಡಿಸದೆ ವರ್ಷಗಳನ್ನಷ್ಟೇ ಬೆಳೆಸಿದರೆ ಶುಲ್ಕದ ಕಂತು ಹೆಚ್ಚುತ್ತದೆ. ಕೂಲಿ ಮಾಡಿ ಮಗಳನ್ನು ಟೀಚರ್ ಮಾಡಬೇಕೆಂದಿರುವ ಮನೆ ಹಿಂದೆ ಸರಿಯುತ್ತದೆ. ಹೊಸ ಶಿಕ್ಷಕರು ಮಾತ್ರ ಮೊದಲಿನಂತೆ ಅಭ್ಯಾಸವಿಲ್ಲದೆಯೇ ತರಗತಿಗೆ ಕಾಲಿಡುತ್ತಾರೆ.

ಶಾಲಾ ಮಕ್ಕಳ ಕಲಿಕೆಯ ಜಾಡು ಹಿಡಿಯುವ ಕರ್ನಾಟಕದ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಅದಕ್ಕೆ ಶಿಕ್ಷಕರ ವಿವರವನ್ನು ಜೋಡಿಸಿದರೆ, ಯಾವ ಕಾಲೇಜಿನಿಂದ ಬಂದ ಶಿಕ್ಷಕರ ತರಗತಿಯಲ್ಲಿ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬ ಲೆಕ್ಕವನ್ನು ಹೊರತೆಗೆಯಬಹುದು. ಅದು ನಡೆಯಬೇಕಾದದ್ದು 2030ಕ್ಕೆ ಮೊದಲು, ಲಕ್ಷಾಂತರ ಯುವಕ ಯುವತಿಯರು ಶುಲ್ಕ ಕಟ್ಟಿಯಾದ ಮೇಲಲ್ಲ.