ವರ್ಷಕ್ಕೆ ನೂರೇ ಸಿಡಿತ: ಬಿಸ್ಮತ್ ಅಳೆದ ಹರಳು

ಮುಂಬೈ ಬಳಿಯ ಮುಂಬ್ರಾದ ಬೆನ್ನಿಗಿರುವ ಪಾರ್ಸಿಕ್ ಗುಡ್ಡದ ಕಪ್ಪು ಬಸಾಲ್ಟ್ ಕಲ್ಲಿನಲ್ಲೂ ಲವಲೇಶ ಥೋರಿಯಂ ಇದೆ. ಥೋರಿಯಂನ ಅರ್ಧಾಯುಷ್ಯ, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲ, 1,400 ಕೋಟಿ ವರ್ಷ. ಆದರೂ ಒಂದು ಗ್ರಾಂ ಶುದ್ಧ ಥೋರಿಯಂನಲ್ಲಿ ಸೆಕೆಂಡಿಗೆ ಸುಮಾರು 4,000 ಪರಮಾಣುಗಳು ಆಲ್ಫಾ ಕಣ ಉಗುಳುತ್ತವೆ. ಅದನ್ನು ಎಣಿಸುವುದು ಕಷ್ಟವಲ್ಲ.

ಬಿಸ್ಮತ್-209 ಹಾಗಲ್ಲ. ಸ್ಥಿರ ಪರಮಾಣುಗಳಲ್ಲೇ ಇದು ಅತಿ ಭಾರದ್ದು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2003ರಲ್ಲಿ ಫ್ರಾನ್ಸಿನ ಓರ್ಸೇಯ ವಿಜ್ಞಾನಿಗಳು ಇದೂ ಕ್ಷಯಿಸುತ್ತದೆಂದು ತೋರಿಸಿದರು. ಅರ್ಧಾಯುಷ್ಯ 2ರ ಮುಂದೆ 19 ಸೊನ್ನೆ ಬರೆದಷ್ಟು ವರ್ಷ. ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗೂ ಹೆಚ್ಚು. ಲೆಕ್ಕ ಹಾಕಿದರೆ ಒಂದು ಗ್ರಾಂ ಬಿಸ್ಮತ್‌ನಲ್ಲಿ ವರ್ಷಕ್ಕೆ ಸುಮಾರು ನೂರು ಸಿಡಿತ, ಅಂದರೆ ಮೂರ್ನಾಲ್ಕು ದಿನಕ್ಕೊಂದು.

ಆಲ್ಫಾ ಕಣ ಘನವಸ್ತುವಿನೊಳಗೆ ಕೂದಲೆಳೆಯ ದಪ್ಪದಷ್ಟು ದೂರವೂ ಸಾಗದು. ಲೋಹದ ತುಂಡಿನ ಪಕ್ಕದಲ್ಲಿ ಉಪಕರಣ ಇಟ್ಟರೆ ಹೆಚ್ಚಿನವು ತುಂಡಿನೊಳಗೇ ಇಂಗಿಹೋಗುತ್ತವೆ. ಅದಕ್ಕೇ ಬಿಸ್ಮತ್, ಜರ್ಮೇನಿಯಂ, ಆಮ್ಲಜನಕ ಕೂಡಿದ ಹರಳನ್ನೇ ಅವರು ಪತ್ತೆಯಂತ್ರವಾಗಿಸಿದರು. ಅದನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ, ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲಿನಷ್ಟು ಅಂತರಕ್ಕೆ ತಂಪಾಗಿಸಿದರು. ಅಷ್ಟು ಚಳಿಯಲ್ಲಿ ಹರಳು ಬಿಸಿಯಾಗಲು ಬಹಳ ಕಡಿಮೆ ಶಕ್ತಿ ಸಾಕು. ಒಂದೇ ಆಲ್ಫಾ ಕಣ ಅದರ ಉಷ್ಣತೆಯನ್ನು ಅಳೆಯುವಷ್ಟು ಏರಿಸುತ್ತದೆ. ಜೊತೆಗೆ ಹರಳು ಮಿನುಗುತ್ತದೆ. ಅಷ್ಟೇ ಶಾಖ ಕೊಡುವ ಗಾಮಾ ಕಿರಣಕ್ಕಿಂತ ಆಲ್ಫಾದ ಬೆಳಕು ಮಂದ. ಶಾಖವನ್ನೂ ಬೆಳಕನ್ನೂ ಹೋಲಿಸಿ ಬಂದದ್ದು ಯಾವುದೆಂದು ಗುರುತಿಸಬಹುದು.

ಇನ್ನು ಹಿನ್ನೆಲೆಯ ಗದ್ದಲ. ಆಕಾಶದಿಂದ ಮ್ಯೂಆನ್ ಕಣಗಳು ಹಗಲಿರುಳು ಸುರಿಯುತ್ತವೆ. ಅವನ್ನು ತಡೆಯಲು ಮೇಲೆ ಬಂಡೆ ಬೇಕು. ಆದರೆ ಬಂಡೆಯಲ್ಲೇ ಯುರೇನಿಯಂ, ಥೋರಿಯಂ ಇರುತ್ತವೆ, ಅವುಗಳಿಂದ ರೇಡಾನ್ ಅನಿಲ ಸೋರುತ್ತದೆ. ಹಾಗಾಗಿ ಆಳಕ್ಕಿಳಿದ ಮೇಲೂ ಸೀಸದ ಕವಚ ಕಟ್ಟಬೇಕು, ಬಳಸುವ ಪ್ರತಿಯೊಂದು ವಸ್ತುವಿನ ಶುದ್ಧತೆ ಪರೀಕ್ಷಿಸಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ನಂಜನಗೂಡಿನಲ್ಲಿ ಹುಟ್ಟಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಸೇರಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಕೋಲಾರದ ಚಿನ್ನದ ಗಣಿಗಿಳಿದು ಮ್ಯೂಆನ್ ಎಣಿಸಿದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. 1980ರ ದಶಕದಲ್ಲಿ ಪ್ರೋಟಾನೇ ಕ್ಷಯಿಸುತ್ತದೆಯೇ ಎಂದು ಅಲ್ಲಿ ಹುಡುಕಿದರು. 2001ರಲ್ಲಿ ಗಣಿ ಮುಚ್ಚಿತು. ಅಪರೂಪದ ಕ್ಷಯಗಳನ್ನು ಅಳೆಯುವ ಕೌಶಲ ಟಿಐಎಫ್‌ಆರ್‌ನಲ್ಲಿ ಇಂದಿಗೂ ಇದೆ. ಅದಕ್ಕೆ ತಕ್ಕ ಆಳವನ್ನು ದೇಶ ಮತ್ತೆ ಒದಗಿಸಿಕೊಡಬೇಕು.